ಹೆಸರು ಹೇಳದೆ ಕೊಟ್ಟ ಸುಳಿವಿಗೆ ಬೆಲೆ ಇದೆಯೇ?

2025ರ ಸೆಪ್ಟೆಂಬರ್ 16ರ ಸಂಜೆ ವಿಜಯಪುರ ಜಿಲ್ಲೆಯ ಚಡಚಣದ ಸ್ಟೇಟ್ ಬ್ಯಾಂಕ್ ಶಾಖೆಗೆ ಮುಸುಕು ಹಾಕಿಕೊಂಡವರು ನುಗ್ಗಿದರು. ಸಿಬ್ಬಂದಿಯ ಕೈಕಾಲು ಕಟ್ಟಿ ₹1 ಕೋಟಿಗೂ ಹೆಚ್ಚು ನಗದು, ಸುಮಾರು 20 ಕೆಜಿ ಚಿನ್ನ ದೋಚಿದರು. ಅವರ ವಾಹನ ಸಿಕ್ಕಿದ್ದು ಗಡಿಯಾಚೆ, ಸೋಲಾಪುರ ಜಿಲ್ಲೆಯ ಹುಲಜಂತಿಯಲ್ಲಿ. ಅದೇ ಊರಿನ ಮನೆಯೊಂದರ ಮಾಳಿಗೆ ಮೇಲೆ ಚಿನ್ನ, ನೋಟು ತುಂಬಿದ ಚೀಲವೂ ಆಮೇಲೆ ಸಿಕ್ಕಿತು. ಇದಕ್ಕೂ ನಾಲ್ಕು ತಿಂಗಳು ಮೊದಲು ವಿಜಯಪುರ ಜಿಲ್ಲೆಯದೇ ಆದ ಮನಗೂಳಿಯ ಕೆನರಾ ಬ್ಯಾಂಕಿನಿಂದ ಸುಮಾರು 59 ಕೆಜಿ ಚಿನ್ನ ಕಳುವಾಗಿತ್ತು.

ಇಂಥ ದೊಡ್ಡ ಅಪರಾಧ ನಡೆದಾಗ ಯಾರೋ ಒಬ್ಬರು ಏನೋ ಒಂದನ್ನು ಕಂಡಿರುತ್ತಾರೆ. ಹೊಸ ನಂಬರ್ ಪ್ಲೇಟಿನ ಗಾಡಿ, ಖಾಲಿ ಬಿದ್ದ ಮನೆಯಲ್ಲಿ ರಾತ್ರಿ ಉರಿದ ದೀಪ, ಕೆಲಸವೇ ಇಲ್ಲದೆ ನಾಲ್ಕು ದಿನ ಊರಲ್ಲಿ ಉಳಿದ ಅಪರಿಚಿತರು. ಆದರೆ ಕಂಡವರು ಬಾಯಿ ಬಿಡುವ ಮೊದಲು ಗೊಂದಲಕ್ಕೆ ಬೀಳುತ್ತಾರೆ. ಪತ್ರಿಕೆಯಲ್ಲಿ ‘ಮಾಹಿತಿ ಕೊಟ್ಟವರ ಹೆಸರು ಗುಪ್ತವಾಗಿ ಇಡಲಾಗುವುದು’ ಅಂತ ಓದಿರುತ್ತಾರೆ. ಕಚೇರಿಗೆ ಹೋದರೆ ‘ಸಹಿ, ವಿಳಾಸ ಇಲ್ಲದ ಅರ್ಜಿ ತಗೊಳ್ಳಲ್ಲ’ ಅನ್ನುತ್ತಾರೆ. ಹೊಸ ಕಾನೂನಿನಲ್ಲಿ ಆನ್‌ಲೈನ್ ದೂರು ಕೊಟ್ಟರೂ ಮೂರು ದಿನದೊಳಗೆ ಬಂದು ಸಹಿ ಹಾಕಬೇಕು ಅಂತ ಇನ್ನೊಂದು ಸುದ್ದಿ. ಇದರಲ್ಲಿ ಯಾವುದು ನಿಜ?

ಮೂರೂ ನಿಜ. ಮೂರೂ ಬೇರೆ ಬೇರೆ ವಿಷಯಕ್ಕೆ ಸಂಬಂಧಪಟ್ಟ ಮಾತುಗಳು, ಅಷ್ಟೇ.

ಬಾತ್ಮಿ ಬೇರೆ, ಫಿರ್ಯಾದಿ ಬೇರೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಠಾಣೆಗಳ ಕಾಗದಪತ್ರ ನೋಡಿದವರಿಗೆ ಒಂದು ಮಾತು ಪರಿಚಯ ಇರುತ್ತದೆ: ‘ಖಚಿತ ಬಾತ್ಮಿ ಬಂದ ಮೇರೆಗೆ ಪಂಚರು ಹಾಗೂ ಸಿಬ್ಬಂದಿಯೊಂದಿಗೆ ದಾಳಿ ಮಾಡಲಾಗಿ’. ಮಟ್ಕಾ, ಇಸ್ಪೀಟು, ಅಕ್ರಮ ಉಸುಕು, ಗಾಂಜಾ, ಗೋವಾ ಕಡೆಯಿಂದ ಬರುವ ಕಳ್ಳ ದಾರು, ಇಂಥ ಪ್ರಕರಣಗಳು ಹೆಚ್ಚಾಗಿ ಹೀಗೇ ಶುರುವಾಗುತ್ತವೆ. ಆ ಬಾತ್ಮಿ ಕೊಟ್ಟವರು ಯಾರು ಅಂತ ಕಾಗದದಲ್ಲಿ ಎಲ್ಲೂ ಇರುವುದಿಲ್ಲ. ಫಿರ್ಯಾದಿ ಅಂತ ಇರುವುದು ದಾಳಿ ಮಾಡಿದ ಪಿಎಸ್‌ಐ ಹೆಸರು. ಇದಕ್ಕೆ ‘ಸರ್ಕಾರಿ ತರ್ಫೆ ಫಿರ್ಯಾದಿ’ ಅನ್ನುತ್ತಾರೆ.

ಇಡೀ ಗೊಂದಲದ ಗಂಟು ಇರುವುದು ಇಲ್ಲೇ. ಬಾತ್ಮಿ ಅಂದರೆ ಪೊಲೀಸರಿಗೆ ದಾರಿ ತೋರಿಸುವ ಸುಳಿವು. ಅವರು ಹೋಗಿ ಸ್ವತಃ ಕಂಡುಕೊಂಡರೆ, ಅವರು ಕಂಡದ್ದೇ ಪ್ರಕರಣದ ಆಧಾರ. ಸುಳಿವು ಕೊಟ್ಟವರ ಕೆಲಸ ಅಲ್ಲಿಗೆ ಮುಗಿಯಿತು. ಫಿರ್ಯಾದಿ ಅಂದರೆ ‘ನನಗೆ ಹೀಗಾಗಿದೆ’ ಅಥವಾ ‘ನಾನು ಇದನ್ನು ಕಂಡೆ, ಕ್ರಮ ತಗೊಳ್ಳಿ’ ಅಂತ ಮುಂದೆ ಬಂದು ನಿಲ್ಲುವವರು. ಅವರ ಮಾತಿನ ಮೇಲೆಯೇ ಎಫ್‌ಐಆರ್ ನಿಲ್ಲುತ್ತದೆ. ಆದ್ದರಿಂದ ಅವರು ಯಾರು ಅಂತ ಗೊತ್ತಿರಲೇಬೇಕು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹೇಳುವುದು ಈ ಎರಡನೆಯದರ ಬಗ್ಗೆ. ಇಮೇಲ್, ಆನ್‌ಲೈನ್ ಮೂಲಕ ಕೊಟ್ಟ ಮಾಹಿತಿಯನ್ನು ದಾಖಲಿಸಿಕೊಳ್ಳಲು ಕೊಟ್ಟವರು ಮೂರು ದಿನದೊಳಗೆ ಸಹಿ ಹಾಕಬೇಕು. ಹಾಗಂತ ಸಹಿ ಇಲ್ಲದ ಸುಳಿವನ್ನು ಪೊಲೀಸರು ಕಸದ ಬುಟ್ಟಿಗೆ ಹಾಕಬೇಕು ಅಂತ ಆ ಕಲಂ ಹೇಳುವುದಿಲ್ಲ.

ಈ ವ್ಯತ್ಯಾಸ ಹೊಸದೇನಲ್ಲ. 1969ರಲ್ಲಿ ಲುಧಿಯಾನದ ಠಾಣೆಯೊಂದಕ್ಕೆ ಒಂದು ಫೋನ್ ಬಂತು. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಗುಂಡು ಹಾರಿದೆ, ಇಷ್ಟೇ ಮಾತು. ಹೇಳಿದವರು ಯಾರು, ಗುಂಡು ಹೊಡೆದವರು ಯಾರು, ಏನೂ ಇಲ್ಲ. ಪೊಲೀಸರು ಹೊರಟರು. ತಪಿಂದರ್ ಸಿಂಗ್ ಪ್ರಕರಣ ಅಂತ ಅದು ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಹೆಸರಿಲ್ಲದ, ಅರ್ಧಂಬರ್ಧ ಫೋನ್ ಮಾತನ್ನು ಎಫ್‌ಐಆರ್ ಅನ್ನಲಾಗದು ಎಂದು ಕೋರ್ಟ್ 1970ರಲ್ಲಿ ಹೇಳಿತು. ಆದರೆ ಆ ಫೋನ್ ಬಂದದ್ದರಿಂದಲೇ ಪೊಲೀಸರು ಸ್ಥಳಕ್ಕೆ ಹೋಗಿದ್ದು ಅನ್ನುವುದನ್ನು ಮರೆಯಬಾರದು. ಎಫ್‌ಐಆರ್ ಆಗಲಿಲ್ಲ, ಆದರೂ ಅದು ಕೆಲಸ ಮಾಡಿತು.

ಹೆಸರೇ ಇಲ್ಲದ್ದು ಮತ್ತು ಹೆಸರು ಗುಪ್ತವಾಗಿರುವುದು

ಜನ ಈ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಅಂಚೆಯಲ್ಲಿ ಬಂದ ಸಹಿ ಇಲ್ಲದ ಚೀಟಿಯನ್ನು ಬರೆದವರು ಯಾರು ಅಂತ ಪೊಲೀಸರಿಗೂ ಗೊತ್ತಿಲ್ಲ. ಸಾಹೇಬರನ್ನು ನೇರವಾಗಿ ಕಂಡು ಹೇಳಿದರೆ ಅವರಿಗೆ ಗೊತ್ತು, ಬೇರೆಯವರಿಗೆ ಗೊತ್ತಾಗಬಾರದು. ಕಾನೂನು ಗಟ್ಟಿಯಾಗಿ ಕಾಪಾಡುವುದು ಈ ಎರಡನೆಯದನ್ನು.

ಅಪರಾಧದ ಮಾಹಿತಿ ಎಲ್ಲಿಂದ ಬಂತು ಅಂತ ಹೇಳುವಂತೆ ಪೊಲೀಸ್ ಅಧಿಕಾರಿಯನ್ನಾಗಲಿ ಮ್ಯಾಜಿಸ್ಟ್ರೇಟರನ್ನಾಗಲಿ ಒತ್ತಾಯಿಸುವಂತಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 125ನೇ ಕಲಮಿನಲ್ಲಿದ್ದ ಈ ನಿಯಮ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 131ನೇ ಕಲಮಿನಲ್ಲಿದೆ. ಆರೋಪಿಯ ವಕೀಲರು ಕೋರ್ಟಿನಲ್ಲಿ ಪಿಎಸ್‌ಐ ಅವರನ್ನು ‘ಬಾತ್ಮಿ ಕೊಟ್ಟವರು ಯಾರು’ ಅಂತ ಕೇಳಬಹುದು. ಪಿಎಸ್‌ಐ ‘ಹೇಳುವುದಿಲ್ಲ’ ಅನ್ನಬಹುದು. ಮಾದಕ ವಸ್ತುಗಳ ಕಾಯ್ದೆಯ 68ನೇ ಕಲಮಿನಲ್ಲೂ ಇಂಥದ್ದೇ ರಕ್ಷಣೆ ಇದೆ. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಹೆಸರು ತೆಗೆಸಬಹುದು ಅಂದುಕೊಂಡರೆ ಅದೂ ಆಗದು. ಗುಟ್ಟಾಗಿ ಮಾಹಿತಿ ಕೊಟ್ಟವರ ಗುರುತು ಹೊರಬೀಳುವಂತಿದ್ದರೆ ಕೊಡಬೇಕಿಲ್ಲ ಎಂದು ಆ ಕಾಯ್ದೆಯ 8(1)(ಜಿ) ಹೇಳುತ್ತದೆ.

ಆದರೆ ಈ ರಕ್ಷಣೆಗೆ ಒಂದು ಗಡಿ ಇದೆ. ಕೊಲೆಯನ್ನು ಕಣ್ಣಾರೆ ಕಂಡವರು ನೀವೊಬ್ಬರೇ ಆಗಿದ್ದು, ನಿಮ್ಮ ಮಾತಿಲ್ಲದೆ ಪ್ರಕರಣ ನಿಲ್ಲುವುದೇ ಇಲ್ಲ ಅನ್ನೋಣ. ಆಗ ನೀವು ಬಾತ್ಮಿದಾರರಲ್ಲ, ಸಾಕ್ಷಿ. ಸಾಕ್ಷಿಯ ಹೇಳಿಕೆಯ ಪ್ರತಿ ದೋಷಾರೋಪ ಪಟ್ಟಿಯ ಜೊತೆ ಆರೋಪಿಯ ಕೈಗೆ ಹೋಗುತ್ತದೆ. ‘ನಿಮ್ಮ ಹೆಸರು ಯಾರಿಗೂ ಗೊತ್ತಾಗಲ್ಲ’ ಅಂತ ಅಧಿಕಾರಿಗಳು ಭರವಸೆ ಕೊಡುವಾಗ ಈ ಮಾತನ್ನೂ ಮೊದಲೇ ಬಿಡಿಸಿ ಹೇಳಬೇಕು. ಹೇಳದೆ ಬಿಟ್ಟರೆ ಆಮೇಲೆ ಆ ಮನುಷ್ಯನಿಗೆ ಮೋಸ ಮಾಡಿದಂತೆಯೇ.

ಫೋನಿನ ವಿಷಯದಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ತುರ್ತು ಸಹಾಯದ 112ಕ್ಕೆ ಕರೆ ಮಾಡಿ ಹೆಸರು ಹೇಳದಿದ್ದರೂ ನಂಬರ್ ಅಲ್ಲಿ ಕಾಣುತ್ತದೆ. ವಾಟ್ಸ್‌ಆ್ಯಪ್ ಕಳಿಸಿದರೂ ಅಷ್ಟೇ. ಇವು ಗುಪ್ತವಾಗಿ ಇಡಬಹುದಾದ ಮಾಹಿತಿ, ಅನಾಮಧೇಯ ಅಲ್ಲ.

ಊರಲ್ಲಿ ಹೆಸರು ಹೊರಬೀಳುವುದು ಹೇಗೆ

ಕಾನೂನು ಇಷ್ಟೆಲ್ಲ ಹೇಳಿದರೂ ಜನ ಯಾಕೆ ಹೆದರುತ್ತಾರೆ? ಭೀಮಾ ದಂಡೆಯ ಒಂದು ಊರನ್ನೋ ಘಟಪ್ರಭಾ ಪಕ್ಕದ ತೋಟದ ವಸತಿಯನ್ನೋ ಕಣ್ಣಮುಂದೆ ತಂದುಕೊಂಡರೆ ಉತ್ತರ ಸಿಗುತ್ತದೆ. ಅಲ್ಲಿ ಹೆಸರು ಹೊರಬೀಳುವುದು ಕೋರ್ಟಿನಿಂದಲೂ ಅಲ್ಲ, ಮಾಹಿತಿ ಹಕ್ಕಿನಿಂದಲೂ ಅಲ್ಲ. ಚಹಾದ ಅಂಗಡಿಯಿಂದ.

ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ರಾತ್ರಿ ಎರಡು ಗಂಟೆಗೆ ಹಳ್ಳದಿಂದ ಉಸುಕು ಎತ್ತುತ್ತಿದ್ದಾರೆ. ಟಿಪ್ಪರ್ ಹಾದುಹೋಗುವ ಬಂಡಿದಾರಿ ಪಕ್ಕ ಇರುವುದು ಮೂರೇ ಮನೆ. ಒಬ್ಬರು ಫೋನ್ ಮಾಡುತ್ತಾರೆ. ಅರ್ಧ ಗಂಟೆಯಲ್ಲಿ ಜೀಪು ಬರುತ್ತದೆ, ನೇರ ಆ ಮನೆಯ ಮುಂದೆಯೇ ನಿಂತು ‘ಫೋನ್ ಮಾಡಿದ್ದು ನೀವೇನಾ?’ ಅಂತ ಕೇಳುತ್ತಾರೆ. ಅಲ್ಲಿಗೆ ಮುಗಿಯಿತು. ಬೆಳಗಾಗುವಷ್ಟರಲ್ಲಿ ಕಟ್ಟೆಯ ಮೇಲೆ ಕೂತವರಿಗೆಲ್ಲ ಗೊತ್ತು. ಯಾರೂ ಬೇಕಂತ ಗುಟ್ಟು ಒಡೆದಿಲ್ಲ, ಪೊಲೀಸರು ಕರೆ ಬಂದ ಕಡೆ ಬಂದಿದ್ದಾರೆ. ಆದರೆ ಪರಿಣಾಮ ಮಾತ್ರ ಗುಟ್ಟು ಒಡೆದದ್ದೇ.

ಜೀಪು ಬರದಿದ್ದರೂ ಅಪಾಯ ತಪ್ಪಿದ್ದಲ್ಲ. ಸುಳಿವಿನಲ್ಲಿರುವ ವಿವರವೇ ಬೆರಳು ತೋರಿಸುತ್ತದೆ. ‘ಚೀಲ ಎತ್ತಿಕೊಂಡು ಹಿತ್ತಲ ಬಾಗಿಲಿಂದ ಹೋದರು’ ಅಂತ ಹೇಳಬಲ್ಲವರು ಹಿತ್ತಲು ಕಾಣುವ ಮನೆಯವರು ಮಾತ್ರ. ಅಧಿಕಾರಿ ಈ ವಾಕ್ಯವನ್ನು ವಿಚಾರಣೆಯಲ್ಲಿ ಆರೋಪಿಯ ಮುಂದೆ ಹಾಗೇ ಓದಿದರೆ ಹೆಸರು ಹೇಳುವ ಅಗತ್ಯವೇ ಇಲ್ಲ. ಠಾಣೆಯಲ್ಲೇ ಪರಿಚಯದವರು, ಬೀಗರು ಇರುವ ಸಣ್ಣ ತಾಲ್ಲೂಕಿನಲ್ಲಿ ಒಂದು ಮಾತು ಬಾಯಿಂದ ಬಾಯಿಗೆ ಹೋಗಲು ಎಷ್ಟು ಹೊತ್ತು ಬೇಕು?

ಇಲ್ಲಿ ಜವಾಬ್ದಾರಿ ಪೂರ್ತಿ ಇಲಾಖೆಯದು ಅನ್ನುವುದು ಈ ಲೇಖನದ ಸ್ಪಷ್ಟ ನಿಲುವು. ‘ಜನ ಮುಂದೆ ಬರಲ್ಲ’ ಅಂತ ದೂರುವ ಮೊದಲು ಬಂದ ಜನರ ಮನೆ ಮುಂದೆ ಜೀಪು ನಿಲ್ಲಿಸದಂತೆ ನೋಡಿಕೊಳ್ಳಬೇಕಲ್ವಾ? 2025ರ ಜುಲೈನಲ್ಲಿ ರಾಜ್ಯದಲ್ಲಿ ಶುರುವಾದ ‘ಮನೆ ಮನೆಗೆ ಪೊಲೀಸ್’ ಯೋಜನೆಯಿಂದ ಈ ವಿಷಯದಲ್ಲಿ ಒಂದು ಒಳ್ಳೆಯದಾಗಬಹುದು. ಬೀಟ್ ಪೊಲೀಸರು ಓಣಿಯ ಎಲ್ಲ ಮನೆಗೂ ಹೋಗಿ ಮಾತಾಡಿದರೆ, ಮಾತಾಡಿದವರು ಯಾರು ಅಂತ ಬೊಟ್ಟು ಮಾಡುವುದು ಕಷ್ಟ. ಒಂದೇ ಮನೆಗೆ ಹೋದರೆ ಅದು ಗುರುತು, ನೂರು ಮನೆಗೆ ಹೋದರೆ ಅದು ಮರೆ. ಆದರೆ ಆ ಭೇಟಿಗಳು ನಿಜವಾಗಿ ಎಲ್ಲ ಮನೆಗೂ, ಮತ್ತೆ ಮತ್ತೆ ಆಗಬೇಕು.

ಎರಡು ಚೀಟಿ

ಸುಳಿವಿನ ಬೆಲೆ ಇರುವುದು ಬರೆದವರ ಹೆಸರಿನಲ್ಲಲ್ಲ, ಅದನ್ನು ಪೊಲೀಸರು ತಾವೇ ಹೋಗಿ ನೋಡಿ ಖಚಿತ ಮಾಡಿಕೊಳ್ಳಬಹುದೇ ಅನ್ನುವುದರಲ್ಲಿ. ಎರಡು ಚೀಟಿ ಬಂದಿವೆ ಅಂದುಕೊಳ್ಳಿ. ಒಂದರಲ್ಲಿ ಹೀಗಿದೆ: ‘ಇಂಥವನು ಊರು ಹಾಳು ಮಾಡುತ್ತಿದ್ದಾನೆ. ಗಾಂಜಾ ಮಾರುತ್ತಾನೆ. ಎಲ್ಲರಿಗೂ ಗೊತ್ತು. ಕ್ರಮ ತಗೊಳ್ಳಿ.’ ಇನ್ನೊಂದರಲ್ಲಿ ಹೀಗಿದೆ: ‘ಕೆನಾಲ್ ದಾಟಿದ ಮೇಲೆ ಎಡಕ್ಕೆ ಮೂರನೇ ಕಬ್ಬಿನ ಹೊಲ. ರಸ್ತೆ ಕಡೆಯಿಂದ ಕಾಣುವುದಿಲ್ಲ. ಬೋರಿನ ಹತ್ತಿರ ಎಂಟು ಸಾಲು ಒಳಗೆ ಗಿಡ ಇವೆ, ಮನುಷ್ಯನ ಎದೆಯೆತ್ತರ. ಇನ್ನು ಹತ್ತು ದಿನದಲ್ಲಿ ಕಬ್ಬು ಕಡಿಯುತ್ತಾರೆ. ಅದಕ್ಕೂ ಮೊದಲು ಕಿತ್ತು ಸಾಗಿಸುತ್ತಾರೆ. ಹೊಲ ಯಾರದು ಅಂತ ಗೊತ್ತು, ಗಿಡ ಹಾಕಿದ್ದು ಅವರೇ ಅಂತ ಗೊತ್ತಿಲ್ಲ.’

ಮೊದಲ ಚೀಟಿಯಲ್ಲಿ ಸಿಟ್ಟು ಇದೆ, ವಿವರ ಇಲ್ಲ. ಸಹಿ ಹಾಕಿದ್ದರೂ ಅದರಿಂದ ಏನೂ ಮಾಡಲಾಗದು. ಎರಡನೆಯದರಲ್ಲಿ ಎಲ್ಲಿ ಅನ್ನುವುದಿದೆ, ಯಾವಾಗಿನೊಳಗೆ ಅನ್ನುವುದಿದೆ. ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಬರೆದಿದ್ದಾರೆ. ಆ ಕೊನೆಯ ಸಾಲು ಎಷ್ಟು ಮುಖ್ಯ ಅಂದರೆ, ಅದು ಇಲ್ಲದಿದ್ದರೆ ಹೊಲ ಲಾವಣಿಗೆ ಕೊಟ್ಟು ಬೇರೆ ಊರಲ್ಲಿ ಇರುವ ಮುದುಕರೊಬ್ಬರು ಸುಮ್ನೆ ಠಾಣೆ ಮೆಟ್ಟಿಲು ಹತ್ತಬೇಕಾದೀತು. ತಾನು ಕಂಡದ್ದು ಯಾವುದು, ಬೇರೆಯವರಿಂದ ಕೇಳಿದ್ದು ಯಾವುದು, ಊಹಿಸಿದ್ದು ಯಾವುದು, ಇವನ್ನು ಬೇರೆ ಬೇರೆಯಾಗಿ ಇಟ್ಟವರ ಸುಳಿವಿಗೆ ತೂಕ ಜಾಸ್ತಿ.

ಇಂಥ ವಿವರ ಬಂದಾಗ ಅಧಿಕಾರಿ ಸುಮ್ಮನೆ ಕೂರುವಂತಿಲ್ಲ. ಮಾದಕ ವಸ್ತುಗಳ ಕಾಯ್ದೆಯ 42ನೇ ಕಲಮಿನಂತೆ ಯಾರೇ ಕೊಟ್ಟ ಮಾಹಿತಿಯನ್ನು ಬರೆದಿಟ್ಟುಕೊಂಡು 72 ಗಂಟೆಯೊಳಗೆ ಮೇಲಧಿಕಾರಿಗೆ ಪ್ರತಿ ಕಳಿಸಬೇಕು. ಇದನ್ನು ತಪ್ಪಿಸಿದ ಕಾರಣಕ್ಕೇ ಗಾಂಜಾ ಪ್ರಕರಣಗಳು ಕೋರ್ಟಿನಲ್ಲಿ ಬಿದ್ದುಹೋಗಿವೆ.

ಚುನಾವಣೆ ಸಮಯದ ಅಕ್ರಮ ತಿಳಿಸುವ ಸಿ-ವಿಜಿಲ್ ಆ್ಯಪ್ ಇದೇ ತತ್ವದ ಮೇಲೆ ನಿಂತಿದೆ. ಸ್ಥಳದಲ್ಲೇ ತೆಗೆದ ಫೋಟೊ ಅಥವಾ ವಿಡಿಯೊ ಮಾತ್ರ ಹೋಗುತ್ತದೆ, ಹಳೆಯದನ್ನು ಹಾಕಲಾಗದು. ಜಾಗ ಎಲ್ಲಿ ಅಂತ ಫೋನೇ ಹೇಳುತ್ತದೆ. ಹಾಗಾಗಿ ಹೆಸರು ಬೇಡ ಅಂತ ಬಿಡುವುದಕ್ಕೂ ಅವಕಾಶ ಇದೆ.

ಯಾರ ಕಿವಿಗೆ ಹಾಕಬೇಕು

ಸರಿಯಾದ ಸುಳಿವು ತಪ್ಪು ಕಚೇರಿಗೆ ಹೋದರೂ ಸತ್ತುಹೋಗುತ್ತದೆ. ಭ್ರೂಣಹತ್ಯೆ ಇದಕ್ಕೆ ದೊಡ್ಡ ಉದಾಹರಣೆ, ಅದೂ ನಮ್ಮ ಭಾಗದ ದೊಡ್ಡ ಗಾಯ. 2022ರ ಜೂನ್‌ನಲ್ಲಿ ಬೆಳಗಾವಿ ಜಿಲ್ಲೆಯ ಮೂಡಲಗಿಯಲ್ಲಿ ಡಬ್ಬಿಗಳಲ್ಲಿ ತುಂಬಿ ಎಸೆದಿದ್ದ ಏಳು ಭ್ರೂಣಗಳು ಸಿಕ್ಕವು. 2024ರಲ್ಲಿ ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರದಲ್ಲಿ ಅಕ್ರಮ ಗರ್ಭಪಾತದ ನಂತರ ಮಹಾರಾಷ್ಟ್ರದ ಮಹಿಳೆಯೊಬ್ಬರು ಜೀವ ಕಳೆದುಕೊಂಡರು. ಇಂಥ ದಂಧೆ ಒಂದು ದಿನದ್ದಲ್ಲ. ಸ್ಕ್ಯಾನಿಂಗ್‌ಗೆ ಕರೆದುಕೊಂಡು ಹೋಗುವ ಏಜೆಂಟ್, ಹೊರ ರಾಜ್ಯದ ನಂಬರಿನ ಕಾರು, ಒಂದೇ ಮನೆಗೆ ಮತ್ತೆ ಮತ್ತೆ ಬರುವ ಬಸುರಿಯರು, ಇದೆಲ್ಲ ಅಕ್ಕಪಕ್ಕದವರ ಕಣ್ಣಿಗೆ ಬೀಳದೆ ನಡೆಯುವುದಿಲ್ಲ.

ಆದರೆ 1994ರ ಲಿಂಗಪತ್ತೆ ತಡೆ ಕಾಯ್ದೆಯಲ್ಲಿ ಒಂದು ವಿಶೇಷ ಇದೆ. ಕೋರ್ಟ್ ಈ ಅಪರಾಧವನ್ನು ಕೈಗೆತ್ತಿಕೊಳ್ಳಬೇಕಾದರೆ ದೂರು ಸಕ್ಷಮ ಪ್ರಾಧಿಕಾರದಿಂದ, ಅಂದರೆ ಈ ಕಾಯ್ದೆಯ ಜಾರಿಗೆಂದೇ ಸರ್ಕಾರ ನೇಮಿಸಿದ ಪ್ರಾಧಿಕಾರದಿಂದ ಬರಬೇಕು. ಇಲ್ಲವೇ ಆ ಪ್ರಾಧಿಕಾರಕ್ಕೆ ಕನಿಷ್ಠ 15 ದಿನದ ನೋಟಿಸ್ ಕೊಟ್ಟ ವ್ಯಕ್ತಿಯಿಂದ ಬರಬೇಕು. ಅಂದರೆ ಲಿಂಗಪತ್ತೆಯ ಸುಳಿವು ಠಾಣೆಗೆ ಮಾತ್ರ ಹೋದರೆ ಸಾಲದು, ಜಿಲ್ಲಾ ಆರೋಗ್ಯ ಇಲಾಖೆಯ ಮೂಲಕ ಆ ಪ್ರಾಧಿಕಾರಕ್ಕೂ ಮುಟ್ಟಬೇಕು. ಮುಟ್ಟಿಸಿದವರ ಹೆಸರು ಕೋರ್ಟಿಗೆ ಹೋಗಬೇಕಿಲ್ಲ, ದೂರು ಕೊಡುವುದು ಪ್ರಾಧಿಕಾರವೇ.

ಬಾಲ್ಯವಿವಾಹದಲ್ಲಿ ಎಲ್ಲವೂ ಸಮಯದ ಮೇಲೆ ನಿಂತಿದೆ. ಮದುವೆಗೆ ಮೊದಲೇ ಗೊತ್ತಾದರೆ ಮ್ಯಾಜಿಸ್ಟ್ರೇಟರು ತಡೆಯಾಜ್ಞೆ ಕೊಡಬಹುದು. ಅಕ್ಷತೆ ಬಿದ್ದ ಮೇಲೆ ಆ ಹುಡುಗಿಯ ದಾರಿ ಬಹಳ ಕಷ್ಟದ್ದು. ಬಸವ ಜಯಂತಿ ಬರುವುದು ಅಕ್ಷಯ ತದಿಗೆಯ ದಿನವೇ, ಆ ದಿನ ಸಾಮೂಹಿಕ ಮದುವೆಗಳೂ ಜಾಸ್ತಿ. ಇಂಥ ದಿನಗಳಲ್ಲಿ ಜಿಲ್ಲಾಧಿಕಾರಿಯೇ ಬಾಲ್ಯವಿವಾಹ ನಿಷೇಧಾಧಿಕಾರಿಯ ಅಧಿಕಾರ ಪಡೆಯುತ್ತಾರೆ ಅಂತ 2006ರ ಕಾಯ್ದೆ ಅಕ್ಷಯ ತದಿಗೆಯ ಹೆಸರು ಹಿಡಿದೇ ಹೇಳುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು, ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ (ಸಿಡಿಪಿಒ) ತಿಳಿಸಬಹುದು. ಹುಡುಗಿ ಓದುತ್ತಿದ್ದ ಶಾಲೆ ಯಾವುದು ಅಂತ ಹೇಳಿದರೆ ಅರ್ಧ ಕೆಲಸ ಆದಂತೆ, ಯಾಕೆಂದರೆ ಹುಟ್ಟಿದ ದಿನಾಂಕ ಶಾಲೆಯ ದಾಖಲೆಯಲ್ಲಿ ಸಿಗುತ್ತದೆ.

ಉಳಿದಂತೆ ಮಾದಕ ವಸ್ತುವಿಗೆ 1933, ಈಗಲೇ ನಡೆಯುತ್ತಿರುವ ಯಾವುದೇ ಅಪಾಯಕ್ಕೆ 112. ಬೆಳಗಾವಿ ನಗರಕ್ಕೆ ಪೊಲೀಸ್ ಕಮಿಷನರೇಟ್ ಇದೆ, ಜಿಲ್ಲೆಯ ಉಳಿದ ಭಾಗ ಎಸ್‌ಪಿ ಕೆಳಗೆ ಬರುತ್ತದೆ. ಸ್ಥಳೀಯ ಠಾಣೆಯ ಮೇಲೆ ನಂಬಿಕೆ ಇಲ್ಲದವರು ನೇರ ಮೇಲಿನ ಕಚೇರಿಗೆ ಬರೆಯಬಹುದು.

ಹಗೆಗಾಗಿ ಬರೆದ ಅರ್ಜಿ

ಅನಾಮಧೇಯ ಸುಳಿವನ್ನು ವಿರೋಧಿಸುವವರ ವಾದವೂ ಹಗುರವಾದದ್ದಲ್ಲ. ಬದುವಿನ ಜಗಳ, ಪಾಲಿನ ಜಗಳ, ಪಂಚಾಯ್ತಿ ಎಲೆಕ್ಷನ್‌ನಲ್ಲಿ ಸೋತ ಸಿಟ್ಟು, ಇವೆಲ್ಲ ಚೀಟಿಯಾಗಿ ಠಾಣೆಗೆ ಬರುತ್ತವೆ. ಬರೆದವರು ಯಾರು ಅಂತ ಗೊತ್ತಿಲ್ಲದಿದ್ದರೆ ಸುಳ್ಳು ಹೇಳಿದ್ದಕ್ಕೆ ಹಿಡಿಯುವುದು ಯಾರನ್ನು? ಒಬ್ಬರಿಗೆ ತೊಂದರೆ ಕೊಡಿಸಲೆಂದೇ ಅಧಿಕಾರಿಗೆ ಸುಳ್ಳು ಮಾಹಿತಿ ಕೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 217ನೇ ಕಲಮಿನಡಿ ಒಂದು ವರ್ಷದವರೆಗೆ ಜೈಲು, ₹10,000ದವರೆಗೆ ದಂಡ ಇದೆ. ಹೆಸರಿಲ್ಲದ ಚೀಟಿಗೆ ಈ ಹೆದರಿಕೆ ತಾಗುವುದೇ ಇಲ್ಲ.

ಸರ್ಕಾರಿ ನೌಕರರ ಮೇಲಿನ ದೂರುಗಳಲ್ಲಿ ಈ ವಾದವೇ ಗೆದ್ದಿದೆ. ಹೆಸರಿಲ್ಲದ ದೂರಿನ ಮೇಲೆ ಕ್ರಮ ಬೇಡ ಅಂತ ಕೇಂದ್ರ ಜಾಗೃತ ಆಯೋಗ 1999ರಲ್ಲೇ ಹೇಳಿತು. ನಮ್ಮ ಲೋಕಾಯುಕ್ತಕ್ಕೆ ದೂರು ಕೊಡಲು ಪ್ರಮಾಣಪತ್ರ ಬೇಕು. ಕಚೇರಿಗಳಲ್ಲಿ ‘ಸಹಿ ಇಲ್ಲದ್ದು ತಗೊಳ್ಳಲ್ಲ’ ಅನ್ನುವುದರ ಹಿಂದೆ ಇರುವುದು ಇಂಥ ನಿಯಮಗಳು. ಆದರೆ ಹೆಸರು ಹಾಕಿದ್ದರಿಂದ ಏನಾಗಬಹುದು ಅನ್ನುವುದಕ್ಕೂ ದೇಶ ಒಂದು ದೊಡ್ಡ ಬೆಲೆ ತೆತ್ತಿದೆ. ಹೆದ್ದಾರಿ ಕಾಮಗಾರಿಯ ಅಕ್ರಮದ ಬಗ್ಗೆ ಬರೆದು, ಹೆಸರು ಗುಪ್ತವಾಗಿಡಿ ಅಂತ ಕೇಳಿಕೊಂಡಿದ್ದ ಎಂಜಿನಿಯರ್ ಸತ್ಯೇಂದ್ರ ದುಬೆ 2003ರ ನವೆಂಬರ್‌ನಲ್ಲಿ ಗಯಾದಲ್ಲಿ ಕೊಲೆಯಾದರು. ಆಮೇಲೆ 2004ರಲ್ಲಿ ಹೆಸರು ಗುಪ್ತವಾಗಿಟ್ಟು ದೂರು ತಗೊಳ್ಳುವ ವ್ಯವಸ್ಥೆ ಬಂತು. ಇಂಥ ದೂರು ಕೊಟ್ಟವರನ್ನು ಕಾಪಾಡಲು 2014ರಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಮಾತ್ರ ಇನ್ನೂ ಜಾರಿಗೆ ಬಂದಿಲ್ಲ.

ಎರಡೂ ಕಡೆಯ ಭಯಕ್ಕೆ ಪರಿಹಾರ ಒಂದೇ ಕಡೆ ಇದೆ: ಚೀಟಿ ಬಂದ ತಕ್ಷಣ ಬಾಗಿಲು ಬಡಿಯಬಾರದು. ಮೊದಲು ಮಫ್ತಿಯಲ್ಲಿ ಹೋಗಿ ಜಾಗ ನೋಡಬೇಕು, ದಾಖಲೆ ತಾಳೆ ಹಾಕಬೇಕು, ಬೇರೆ ಕಡೆಯಿಂದ ಅದೇ ಮಾತು ಬರುತ್ತದಾ ಅಂತ ಕಾಯಬೇಕು. ಹೀಗೆ ಮಾಡಿದರೆ ಸುಳ್ಳು ಚೀಟಿ ಅಲ್ಲೇ ಬಿದ್ದುಹೋಗುತ್ತದೆ, ನಿರಪರಾಧಿಯ ಮರ್ಯಾದೆ ಉಳಿಯುತ್ತದೆ. ನಿಜವಾದ ಸುಳಿವು ಕೊಟ್ಟವರೂ ಮರೆಯಲ್ಲೇ ಉಳಿಯುತ್ತಾರೆ. ಇನ್ನೊಂದು ಮಾತನ್ನೂ ಹೇಳಬೇಕು. ಬೇರೆ ಜಾತಿಯ, ಬೇರೆ ಧರ್ಮದ ಹುಡುಗ ಹುಡುಗಿ ಜೊತೆಗೆ ಓಡಾಡಿದರು ಅನ್ನುವುದು ಅಪರಾಧದ ಸುಳಿವಲ್ಲ. ಅಂಥ ಕರೆಯನ್ನು ಬಾತ್ಮಿ ಅಂತ ತಗೊಂಡರೆ ಪೊಲೀಸರೇ ಒಂದು ಹೊಸ ಅಪರಾಧಕ್ಕೆ ದಾರಿ ಮಾಡಿಕೊಟ್ಟಂತೆ.

ಸುಮ್ಮನಿರುವುದು ತಪ್ಪಾಗುವುದು ಯಾವಾಗ

ಎಲ್ಲ ಅಪರಾಧವನ್ನೂ ಎಲ್ಲರೂ ತಿಳಿಸಲೇಬೇಕು ಅಂತ ಕಾನೂನು ಇಲ್ಲ. ಆದರೆ ಕೊಲೆ, ದರೋಡೆ, ಖೋಟಾ ನೋಟಿನಂಥ ಕೆಲವು ಅಪರಾಧಗಳ ವಿಷಯ ಗೊತ್ತಿದ್ದವರು ತಕ್ಕ ಕಾರಣ ಇಲ್ಲದೆ ಮುಚ್ಚಿಡುವಂತಿಲ್ಲ ಎಂದು ಸುರಕ್ಷಾ ಸಂಹಿತೆಯ 33ನೇ ಕಲಂ ಹೇಳುತ್ತದೆ. 34ನೇ ಕಲಂ ಗ್ರಾಮ ಪಂಚಾಯ್ತಿ ಸದಸ್ಯರ ಮೇಲೂ ಇಂಥ ಹೊಣೆ ಹೊರಿಸುತ್ತದೆ. ಅನುಮಾನಾಸ್ಪದ ಸಾವೂ ಅದರಲ್ಲಿ ಸೇರಿದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಿದ್ದೂ ತಿಳಿಸದಿದ್ದರೆ ಪೋಕ್ಸೊ ಕಾಯ್ದೆಯಲ್ಲಿ ಶಿಕ್ಷೆಯೇ ಇದೆ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ ಅನ್ನುವ ಅಭಯವೂ ಅದೇ ಕಾಯ್ದೆಯಲ್ಲಿದೆ.

2023ರ ಡಿಸೆಂಬರ್‌ನಲ್ಲಿ ಬೆಳಗಾವಿ ತಾಲ್ಲೂಕಿನ ಹೊಸ ವಂಟಮುರಿಯಲ್ಲಿ ಮಹಿಳೆಯೊಬ್ಬರ ಮೇಲೆ ಗುಂಪು ದೌರ್ಜನ್ಯ ನಡೆದಾಗ ಹೈಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು. ದೌರ್ಜನ್ಯ ಮಾಡಿದವರಷ್ಟೇ ಅಲ್ಲ, ನೋಡುತ್ತ ನಿಂತವರ ಮೌನವೂ ಕೋರ್ಟಿಗೆ ನೋವು ತಂದಿತ್ತು.

ಮುಂದೆ ಏನಾಗಬೇಕು

ಸಾಕ್ಷಿಗಳ ರಕ್ಷಣೆಗೆ 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಯೋಜನೆ ಇದೆ. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿ ಅರ್ಜಿ ನೋಡಿ ರಕ್ಷಣೆ ಕೊಡಿಸಬಹುದು. ಆದರೆ ಅದು ಸಾಕ್ಷಿಗೆ. ಬಾತ್ಮಿ ಕೊಟ್ಟು ಹಿಂದೆ ಸರಿದವರು ಕಾಗದದಲ್ಲೇ ಇಲ್ಲವಾದ್ದರಿಂದ, ಅವರ ಹೆಸರು ಸೋರಿಹೋದರೆ ಕೇಳುವವರಿಲ್ಲ. ಗುಟ್ಟು ಸೋರಿಸಿದ ಸಿಬ್ಬಂದಿಯ ಮೇಲೆ ಕ್ರಮ ಆಗುತ್ತದೆ ಅಂತ ಒಂದೇ ಒಂದು ಸಲ ಜನರಿಗೆ ಕಣ್ಣಾರೆ ಕಂಡರೆ, ನೂರು ಪೋಸ್ಟರ್ ಮಾಡದ ಕೆಲಸ ಅದು ಮಾಡುತ್ತದೆ.

ಇನ್ನೊಂದು ದಾರಿ ಸಂಖ್ಯೆಯದು. ಅಮೆರಿಕದ ಆಲ್ಬುಕರ್ಕಿಯಲ್ಲಿ 1976ರಲ್ಲಿ ಪೆಟ್ರೋಲ್ ಬಂಕ್ ಹುಡುಗನೊಬ್ಬನ ಕೊಲೆಯ ಸುಳಿವು ಸಿಗದೆ, ಪೊಲೀಸರು ಟಿವಿಯಲ್ಲಿ ಆ ಘಟನೆಯನ್ನು ಅಭಿನಯಿಸಿ ತೋರಿಸಿ ಹೆಸರು ಹೇಳದೆ ಫೋನ್ ಮಾಡಿ ಅಂದರು. ಮೂರು ದಿನದೊಳಗೆ ಪ್ರಕರಣ ಬಗೆಹರಿಯಿತು. ಹೆಸರು ಹೇಳದೆ ಕೊಟ್ಟ ಸುಳಿವು ತಗೊಳ್ಳುವ ‘ಕ್ರೈಮ್ ಸ್ಟಾಪರ್ಸ್’ ವ್ಯವಸ್ಥೆ ಹುಟ್ಟಿದ್ದು ಹೀಗೆ. ಅಲ್ಲಿ ಕರೆ ಮಾಡಿದವರ ಹೆಸರು ಕೇಳುವುದಿಲ್ಲ, ಒಂದು ಸಂಖ್ಯೆ ಕೊಡುತ್ತಾರೆ. ನಮ್ಮಲ್ಲೂ ಆದಾಯ ತೆರಿಗೆ ಇಲಾಖೆಯ 2018ರ ಬಹುಮಾನ ಯೋಜನೆಯಲ್ಲಿ ಮಾಹಿತಿದಾರರಿಗೆ ಕೋಡ್ ಕೊಡುವ ಪದ್ಧತಿ ಇದೆ.

ಜಿಲ್ಲಾ ಪೊಲೀಸರಿಗೂ ಇದು ಆಗದ ಕೆಲಸವಲ್ಲ. ಕರೆ ಮಾಡಿದವರಿಗೆ ಹೆಸರಿನ ಬದಲು ನಾಲ್ಕಂಕಿ, ಅದನ್ನು ಬರೆದಿಡುವುದು ಎಸ್‌ಪಿ ಕಚೇರಿಯಲ್ಲಿ ಮಾತ್ರ, ಕೆಳಗಿನ ಠಾಣೆಗೆ ಹೋಗುವುದು ಜಾಗದ ವಿವರ ಮಾತ್ರ. ಹತ್ತು ದಿನ ಬಿಟ್ಟು ಅದೇ ನಾಲ್ಕಂಕಿ ಹೇಳಿ ‘ಏನಾಯ್ತು ಸಾಹೇಬ್ರೇ?’ ಅಂತ ಕೇಳಿದರೆ, ಹೋಗಿ ನೋಡಿದ್ದೇವೆ ಅಥವಾ ಏನೂ ಸಿಗಲಿಲ್ಲ ಅನ್ನುವ ಉತ್ತರ ಬರಬೇಕು. ಒಮ್ಮೆ ಉತ್ತರ ಸಿಕ್ಕವರು ಎರಡನೇ ಸಲವೂ ಫೋನ್ ಮಾಡುತ್ತಾರೆ.